ಎರವಲು ನುಡಿಯಲ್ಲಿ ತೆರೆದ ಬಾಗಿಲು: ಮೆಲ್ವಿನ್ ವ್ಯಾನ್ ಪೀಬಲ್ಸ್ ಅವರ ಸೃಜನಜೀವನ

1967ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಫ್ರಾನ್ಸ್ ದೇಶದಿಂದ ‘ಲಾ ಪೆರ್ಮಿಸಿಯೋಂ’ ಎಂಬ ಚಿತ್ರ ಬಂದಿತು. ಫ್ರೆಂಚ್ ಕಾದಂಬರಿಯೊಂದನ್ನು ಅದರ ಕರ್ತೃವೇ ತೆರೆಗೆ ತಂದಿದ್ದ ಚಿತ್ರವದು. ಆದರೆ ಫ್ರಾನ್ಸಿನ ಪ್ರತಿನಿಧಿಯಾಗಿ ಉತ್ಸವಕ್ಕೆ ಬಂದಿಳಿದವರು ಶಿಕಾಗೊದಲ್ಲಿ ಹುಟ್ಟಿ ಬೆಳೆದ ಒಬ್ಬ ಆಫ್ರಿಕನ್-ಅಮೆರಿಕನ್. ಸುಮಾರು ಹತ್ತು ವರ್ಷಗಳ ಹಿಂದೆ ಅವರು ಅದೇ ನಗರದ ಕಡಿದಾದ ಬೀದಿಗಳಲ್ಲಿ ಕೇಬಲ್ ಕಾರು ನಡೆಸುತ್ತಿದ್ದರು. ಚಿತ್ರ ಮಾಡಬೇಕೆಂಬ ಹಂಬಲದಿಂದ ಹಾಲಿವುಡ್ಡಿನ ಬಾಗಿಲು ತಟ್ಟಿ, ಅಲ್ಲಿ ಯಾರೂ ಒಳಗೆ ಕರೆಯದಿದ್ದಾಗ ದೇಶವನ್ನೇ ಬಿಟ್ಟು ಹೋಗಿದ್ದರು. ತಾಯ್ನಾಡಿನ ಚಿತ್ರರಂಗಕ್ಕೆ ಅವರ ಮೊದಲ ಪ್ರವೇಶ ಪರದೇಶದ ನಿರ್ದೇಶಕರಾಗಿ ಆಯಿತು. ಈ ವಿಚಿತ್ರ ತಿರುವಿನ ಹಿಂದೆ ಒಂದು ಭಾಷೆಯ ಕಲಿಕೆಯಿದೆ, ಐದು ಪುಸ್ತಕಗಳಿವೆ, ಮತ್ತು ನಗುವನ್ನು ಆಯುಧವಾಗಿ ಬಳಸಿದ ಒಂದು ಬುದ್ಧಿಯಿದೆ. ಆ ಲೇಖಕ-ನಿರ್ದೇಶಕರ ಹೆಸರು ಮೆಲ್ವಿನ್ ವ್ಯಾನ್ ಪೀಬಲ್ಸ್.

ಕಾದಂಬರಿಯಿಂದ ಸಿನಿಮಾಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಮತ್ತೊಂದಕ್ಕೆ ಸಾಗಿದ ಈ ಜೀವನವನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಏಕೆ ಅರಿಯಬೇಕು? ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಮತ್ತೊಂದು ನುಡಿ, ಪೇಟೆಯಲ್ಲಿ ಮಗದೊಂದು ನುಡಿ ಎಂಬ ಗಡಿನಾಡಿನ ಅನುಭವವುಳ್ಳವರಿಗೆ ಇದರಲ್ಲಿ ಕಲಿಯತಕ್ಕದ್ದು ಬಹಳವಿದೆ.

ಪರದೇಶವಾಸದ ಬಗೆಗಳು

ನಾಡು ಬಿಟ್ಟು ಬಾಳುವ ಲೇಖಕರನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಆಳುವವರು ಹೊರಗಟ್ಟಿದ್ದರಿಂದ ಹೋದವರು ಗಡೀಪಾರಾದವರು. ಹೊಟ್ಟೆಪಾಡಿಗಾಗಿ ಹೋಗಿ ಅಲ್ಲಿಯೇ ನೆಲೆನಿಂತವರು ವಲಸಿಗರು. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಯಾರೂ ಹೊರದೂಡಿರುವುದಿಲ್ಲ, ಕಾಗದಪತ್ರಗಳ ಪ್ರಕಾರ ತಾಯ್ನಾಡಿಗೆ ಮರಳಲು ಅಡ್ಡಿಯೂ ಇರುವುದಿಲ್ಲ. ಆದರೂ ಅಲ್ಲಿ ಇದ್ದುಕೊಂಡು ತನ್ನ ಕೆಲಸ ಮಾಡಲಾಗದೆಂದು ಅರಿತು ಲೇಖಕನು ತಾನಾಗಿ ಹೊರಡುತ್ತಾನೆ. ಇದನ್ನು ಸ್ವಯಂಪ್ರೇರಿತ ಪರದೇಶವಾಸ ಎನ್ನಬಹುದು.

ಎರಡನೆಯ ಮಹಾಯುದ್ಧದ ನಂತರದ ಪ್ಯಾರಿಸ್ ಇಂಥ ಕಪ್ಪುವರ್ಣೀಯ ಅಮೆರಿಕನ್ ಲೇಖಕರಿಗೆ ಆಶ್ರಯವಾಯಿತು. ರಿಚರ್ಡ್ ರೈಟ್ 1946ರಲ್ಲಿ, ಜೇಮ್ಸ್ ಬಾಲ್ಡ್‌ವಿನ್ 1948ರಲ್ಲಿ, ಚೆಸ್ಟರ್ ಹೈಮ್ಸ್ 1953ರಲ್ಲಿ ಅಲ್ಲಿಗೆ ಹೋದರು. ಅವರ ನಾಡಿನಲ್ಲಿ ಶಾಲೆ, ಬಸ್ಸು, ಹೋಟೆಲುಗಳಲ್ಲಿ ವರ್ಣಭೇದವಿದ್ದ ಕಾಲವದು. ಪ್ಯಾರಿಸಿನ ಕಾಫಿ ಅಂಗಡಿಯಲ್ಲಿ ಅವರಿಗೆ ಯಾರೂ ಜಾಗ ನಿರಾಕರಿಸಲಿಲ್ಲ. ಆದರೆ ಫ್ರಾನ್ಸ್ ಎಲ್ಲರಿಗೂ ಉದಾರವಾಗಿತ್ತೆಂದು ತಿಳಿಯಬಾರದು. 1961ರ ಅಕ್ಟೋಬರ್ 17ರಂದು ಅದೇ ಪ್ಯಾರಿಸಿನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ನಡೆಸಿದ ಹಿಂಸೆಯಲ್ಲಿ ಅನೇಕರು ಸತ್ತರು. ಅಲ್ಲಿದ್ದ ಕಪ್ಪುವರ್ಣೀಯ ಅಮೆರಿಕನ್ ಲೇಖಕ ವಿಲಿಯಂ ಗಾರ್ಡನರ್ ಸ್ಮಿತ್ ಆ ಘಟನೆಯನ್ನು ತಮ್ಮ 1963ರ ಕಾದಂಬರಿಯಲ್ಲಿ ಚಿತ್ರಿಸಿ, ತಮಗೆ ದೊರೆತ ಆದರವು ಇನ್ನೊಬ್ಬರಿಗೆ ದೊರೆಯದ ಸಂಗತಿಯನ್ನು ಪ್ರಶ್ನಿಸಿದರು. ವ್ಯಾನ್ ಪೀಬಲ್ಸ್ ಬಂದು ಸೇರಿದ್ದು ಹೀಗೆ ಬೆಳಕೂ ನೆರಳೂ ಕೂಡಿದ್ದ ನಗರಕ್ಕೆ.

ಕೇಬಲ್ ಕಾರಿನಿಂದ ಪ್ಯಾರಿಸಿನವರೆಗೆ

ಮೆಲ್ವಿನ್ ಪೀಬಲ್ಸ್ 1932ರ ಆಗಸ್ಟ್ 21ರಂದು ಶಿಕಾಗೊದಲ್ಲಿ ಹುಟ್ಟಿದರು. ತಂದೆಯದು ಹೊಲಿಗೆಯ ಅಂಗಡಿ. 1953ರಲ್ಲಿ ಓಹಿಯೊ ವೆಸ್ಲಿಯನ್ ವಿಶ್ವವಿದ್ಯಾಲಯದಿಂದ ಸಾಹಿತ್ಯದಲ್ಲಿ ಪದವಿ ಪಡೆದು ವಾಯುಸೇನೆ ಸೇರಿದರು. ಸೇನೆಯಿಂದ ಹೊರಬಂದ ಮೇಲೆ ಕೆಲಕಾಲ ಮೆಕ್ಸಿಕೊದಲ್ಲಿ ಭಾವಚಿತ್ರಗಳನ್ನು ಬರೆದು ಜೀವನ ಸಾಗಿಸಿದರು. ಮಗ ಮಾರಿಯೊ ಹುಟ್ಟಿದ್ದು ಅಲ್ಲಿಯೇ. ಬಳಿಕ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇಬಲ್ ಕಾರಿನ ಗ್ರಿಪ್‌ಮನ್ ಆದರು. ನೆಲದಡಿಯಲ್ಲಿ ಸದಾ ಓಡುತ್ತಿರುವ ಉಕ್ಕಿನ ಹಗ್ಗವನ್ನು ಸನ್ನೆಗೋಲಿನಿಂದ ಹಿಡಿದು, ಬೇಕಾದಲ್ಲಿ ಬಿಟ್ಟು, ಬಂಡಿಯನ್ನು ನಡೆಸುವ ಕೆಲಸವದು. ತೋಳಿನಲ್ಲಿ ಬಲ ಬೇಕು, ಕೈಯಲ್ಲಿ ಹದ ಬೇಕು. ಆ ದುಡಿಮೆಯ ಬಗ್ಗೆಯೇ ಅವರು ‘ದಿ ಬಿಗ್ ಹಾರ್ಟ್’ ಎಂಬ ಮೊದಲ ಪುಸ್ತಕ ಬರೆದರು. 1957ರಲ್ಲಿ ಪ್ರಕಟವಾದ ಅದರಲ್ಲಿ ರೂತ್ ಬರ್ನ್‌ಹಾರ್ಡ್ ತೆಗೆದ ಛಾಯಾಚಿತ್ರಗಳಿವೆ.

ಆ ಬರಹವು ಸಿನಿಮಾದಂತಿದೆಯೆಂದು ಪ್ರಯಾಣಿಕರೊಬ್ಬರು ಹೇಳಿದ ಮಾತು ಅವರ ತಲೆಯಲ್ಲಿ ಉಳಿಯಿತು. ಚಿತ್ರ ತೆಗೆಯುವ ವಿದ್ಯೆ ತಿಳಿಯದಿದ್ದರೂ ಕ್ಯಾಮೆರಾ ಹಿಡಿದರು. ತಾನು ಪೂರ್ಣಾವಧಿ ಚಿತ್ರ ತೆಗೆಯುತ್ತಿದ್ದೇನೆಂದು ಹೊರಟವರಿಗೆ ಕೊನೆಗೆ ಸಿಕ್ಕಿದ್ದು ಹನ್ನೊಂದು ನಿಮಿಷದ ಕಿರುಚಿತ್ರಗಳು ಎಂದು ಮುಂದೆ ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು. ಅವನ್ನು ಹಿಡಿದು ಹಾಲಿವುಡ್ಡಿಗೆ ಹೋದಾಗ ನಿರ್ದೇಶಕನ ಕೆಲಸ ಕೇಳಿದವರಿಗೆ ಲಿಫ್ಟ್ ನಡೆಸುವ ಕೆಲಸ ತೋರಿಸಿದರಂತೆ. ಆಗ ಅವರು ಖಗೋಳವಿಜ್ಞಾನ ಓದಲೆಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಹೊರಟುಬಿಟ್ಟರು. ಹೆಸರಿನ ನಡುವಿನ ‘ವ್ಯಾನ್’ ಅಲ್ಲಿ ಸೇರಿಕೊಂಡ ಡಚ್ ಪದ. ಅಷ್ಟರಲ್ಲಿ ಅವರ ಕಿರುಚಿತ್ರಗಳು ಪ್ಯಾರಿಸಿನ ಪ್ರಸಿದ್ಧ ಚಿತ್ರಸಂಗ್ರಹಾಲಯವಾದ ಸಿನೆಮಾತೆಕ್ ಫ್ರಾಂಸೇಸ್‌ನ ಮುಖ್ಯಸ್ಥ ಆನ್ರಿ ಲಾಂಗ್ಲ್ವಾ ಅವರ ಕಣ್ಣಿಗೆ ಬಿದ್ದವು. ಚಿತ್ರಗಳನ್ನು ಪ್ಯಾರಿಸಿನಲ್ಲಿ ತೋರಿಸಲು ಆಹ್ವಾನ ಬಂದಿತು. ಪ್ರದರ್ಶನವಾಯಿತು, ಪ್ರೇಕ್ಷಕರು ಮೆಚ್ಚಿದರು, ಎಲ್ಲರೂ ಮನೆಗೆ ಹೋದರು. ಕೈಯಲ್ಲಿ ಕಾಸಿಲ್ಲದ, ಫ್ರೆಂಚ್ ಬಾರದ ನಿರ್ದೇಶಕರು ಬೀದಿಯಲ್ಲಿ ಉಳಿದರು. ಹಾಡಿ ಕುಣಿದು ನಾಲ್ಕು ಕಾಸು ಗಳಿಸಿದ ದಿನಗಳೂ ಆಗ ಬಂದವು.

ಹೊಸ ಭಾಷೆ, ಹೊಸ ನಗು

ಆ ದಿನಗಳಲ್ಲಿ ಅವರು ಫ್ರೆಂಚ್ ಕಲಿತರು. ವಿಶ್ವವಿದ್ಯಾಲಯದ ತರಗತಿಯಲ್ಲಿ ಕಲಿತದ್ದಲ್ಲ. ಜನರೊಡನೆ ಬೆರೆತು, ಕೇಳಿ, ತಪ್ಪಿ, ತಿದ್ದಿಕೊಂಡು ಕಲಿತದ್ದು. ಬಳಿಕ ‘ಫ್ರಾನ್ಸ್-ಅಬ್ಸರ್ವಾತರ್’ ವಾರಪತ್ರಿಕೆಗೆ ಬರೆಯತೊಡಗಿದರು. ಪತ್ರಿಕೆಗಾಗಿ ಚೆಸ್ಟರ್ ಹೈಮ್ಸ್ ಅವರನ್ನು ಕಂಡು ಮಾತನಾಡಿದ್ದು ಅವರ ಬದುಕಿನ ಮುಖ್ಯ ಪ್ರಸಂಗ. ಹಾರ್ಲೆಮ್ ಬೀದಿಗಳ ಕಳ್ಳರು, ವಂಚಕರು, ಪತ್ತೇದಾರರ ಕಥೆಗಳನ್ನು ನಗೆ ಮತ್ತು ಭೀಕರತೆಗಳನ್ನು ಬೆರೆಸಿ ಬರೆದವರು ಹೈಮ್ಸ್. ಅವರ ಒಂದು ಕಾದಂಬರಿ ಅಮೆರಿಕಕ್ಕಿಂತ ಹೆಚ್ಚಿನ ಗೌರವವನ್ನು ಫ್ರಾನ್ಸಿನಲ್ಲಿ ಪಡೆದು, 1958ರಲ್ಲಿ ಅಲ್ಲಿಯ ಪತ್ತೇದಾರಿ ಸಾಹಿತ್ಯದ ಮಹಾಪ್ರಶಸ್ತಿಯನ್ನು ಗಳಿಸಿತ್ತು. ಅದೇ ಕಾದಂಬರಿಯನ್ನು ವ್ಯಾನ್ ಪೀಬಲ್ಸ್ ಚಿತ್ರಕಥೆಯ ಪಟ್ಟಿಗಳಾಗಿ ರೂಪಾಂತರಿಸಿದರು. ವ್ಯಂಗ್ಯಚಿತ್ರಕಾರ ವೋಲಿನ್‌ಸ್ಕಿ ಚಿತ್ರ ಬರೆದರು. ಅದು ಪ್ರಕಟವಾದದ್ದು 1960ರಲ್ಲಿ ಆರಂಭವಾಗಿದ್ದ ‘ಹಾರಾ-ಕಿರಿ’ ಎಂಬ ವಿಡಂಬನ ಪತ್ರಿಕೆಯಲ್ಲಿ. ಮುಂದೆ ‘ಶಾರ್ಲಿ ಎಬ್ದೊ’ ಹುಟ್ಟಿದ್ದು ಇದೇ ಬಳಗದಿಂದ. ಅಮೆರಿಕದ ಹಾಸ್ಯಪತ್ರಿಕೆ ‘ಮ್ಯಾಡ್’ನ ಫ್ರೆಂಚ್ ಆವೃತ್ತಿಯ ಸಂಪಾದಕತ್ವವನ್ನೂ ವ್ಯಾನ್ ಪೀಬಲ್ಸ್ ಸ್ವಲ್ಪ ಕಾಲ ವಹಿಸಿಕೊಂಡರು.

ಬೆಳೆದ ಮೇಲೆ ಕಲಿತ ಭಾಷೆಯಲ್ಲಿ ಹಾಸ್ಯ ಬರೆಯುವುದು ಕಷ್ಟವೆಂಬುದು ರೂಢಿಯ ನಂಬಿಕೆ. ನಗೆಯು ನುಡಿಗಟ್ಟಿನ ಸೂಕ್ಷ್ಮದಲ್ಲಿ ಇರುತ್ತದೆ, ಅದು ತಾಯ್ನುಡಿಯವರಿಗಷ್ಟೇ ಎಟಕುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಎರಡು ನುಡಿಗಳ ನಡುವೆ ಬೆಳೆದವರು ಬಲ್ಲರು. ಮರಾಠಿಯಲ್ಲಿ ‘ರಾಗ’ ಎಂದರೆ ಸಿಟ್ಟು ಎಂಬ ಅರ್ಥವೂ ಇದೆ. ಮರಾಠಿ ಮನೆಯ ಮಗು ಕನ್ನಡ ಶಾಲೆಗೆ ಬಂದು ‘ಅಪ್ಪನಿಗೆ ರಾಗ ಬಂತು’ ಎಂದರೆ, ತರಗತಿಯ ಕಣ್ಣಿಗೆ ಅಪ್ಪ ತಂಬೂರಿ ಹಿಡಿದು ಕೂತಂತೆ ಕಾಣುತ್ತದೆ. ತಾಯ್ನುಡಿಯವನಿಗೆ ಸವೆದು ಹೋಗಿರುವ ಪದವು ಹೊರಗಿನಿಂದ ಬಂದವನ ಕಿವಿಗೆ ಹೊಸ ನಾಣ್ಯದಂತೆ ಕೇಳಿಸುತ್ತದೆ. ಆತನು ಪದವನ್ನು ಅದರ ಅಕ್ಷರಾರ್ಥದಲ್ಲಿ ಎತ್ತಿ ಹಿಡಿದಾಗ, ದಿನವೂ ಆಡುವ ಮಾತಿನಲ್ಲಿ ಅಡಗಿದ್ದ ಅಸಂಬದ್ಧತೆ ಬಯಲಾಗುತ್ತದೆ. ಸಮಾಜದ ರೀತಿನೀತಿಗಳಿಗೂ ಇದೇ ಅನ್ವಯಿಸುತ್ತದೆ. ಪರಕೀಯನ ಕಣ್ಣಿಗೆ ಎಲ್ಲ ಪದ್ಧತಿಯೂ ತುಸು ವಿಚಿತ್ರ. ಆ ವಿಚಿತ್ರವೇ ಹಾಸ್ಯ ಕಾದಂಬರಿಕಾರನ ಬಂಡವಾಳ.

ಐದು ಪುಸ್ತಕಗಳು

1964ರಿಂದ 1967ರ ಅವಧಿಯಲ್ಲಿ ವ್ಯಾನ್ ಪೀಬಲ್ಸ್ ಅವರ ಐದು ಕೃತಿಗಳು ಫ್ರೆಂಚಿನಲ್ಲಿ ಹೊರಬಂದವು. ಮೊದಲನೆಯದು ‘ಎಫ್‌ಬಿಐಗೊಂದು ಕರಡಿ’ ಎಂಬ ಅರ್ಥದ ಶೀರ್ಷಿಕೆಯುಳ್ಳದ್ದು. ಶಿಕಾಗೊದ ಕಪ್ಪುವರ್ಣೀಯ ಹುಡುಗನೊಬ್ಬನ ಬೆಳವಣಿಗೆಯ ಕಥೆ. ಎರಡನೆಯದು ‘ನರಕದಲ್ಲಿ ಒಬ್ಬ ಅಮೆರಿಕನ್’. ಮೂರನೆಯದು, ಪ್ಯಾರಿಸಿನ ಹದಿನಾಲ್ಕನೆಯ ವಿಭಾಗದ ಹೆಸರುಳ್ಳ ಸಣ್ಣಕಥೆಗಳ ಸಂಕಲನ. ಅದಕ್ಕೆ ಕಲಾವಿದ ತೊಪೋರ್ ಚಿತ್ರ ಬರೆದರು. ನಾಲ್ಕನೆಯದು ‘ಹಾರ್ಲೆಮ್‌ನಲ್ಲಿ ಹಬ್ಬ’. ಐದನೆಯದು, ಸೈನಿಕನಿಗೆ ಸಿಗುವ ರಜೆ ಎಂಬ ಅರ್ಥದ ‘ಲಾ ಪೆರ್ಮಿಸಿಯೋಂ’.

ಇವುಗಳಲ್ಲಿ ಎರಡರ ಕಥಾಬೀಜವನ್ನು ನೋಡಿದರೆ ಅವರ ವಿಡಂಬನೆಯ ಕ್ರಮ ತಿಳಿಯುತ್ತದೆ. ‘ನರಕದಲ್ಲಿ ಒಬ್ಬ ಅಮೆರಿಕನ್’ ಕೃತಿಯ ನಾಯಕ ಒಬ್ಬ ಕಪ್ಪುವರ್ಣೀಯ ಕೈದಿ. ಸತ್ತು ನರಕಕ್ಕೆ ಹೋದವನಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿ ಕಪ್ಪುವರ್ಣೀಯರಿಗೆ ಒಳ್ಳೆಯ ಉಪಚಾರ! ಏಕೆಂದರೆ ನರಕದಲ್ಲಿ ಬಿಳಿಯ ಅಮೆರಿಕನ್ನರೂ ಇದ್ದಾರೆ. ಕಪ್ಪುವರ್ಣೀಯರು ಸುಖವಾಗಿರುವುದನ್ನು ಕಣ್ಣಾರೆ ನೋಡುವುದಕ್ಕಿಂತ ಘೋರವಾದ ಶಿಕ್ಷೆ ಅವರಿಗೆ ಇನ್ನೊಂದಿಲ್ಲವೆಂದು ನರಕದ ಅಧಿಕಾರಿಗಳು ಕಂಡುಕೊಂಡಿದ್ದಾರೆ. ಇಲ್ಲಿ ಲೇಖಕರು ವರ್ಣದ್ವೇಷವನ್ನು ನೇರವಾಗಿ ಬೈಯುವುದಿಲ್ಲ. ಅದರ ತರ್ಕವನ್ನು ಹಾಗೆಯೇ ಒಪ್ಪಿಕೊಂಡು ಕೊನೆಯವರೆಗೆ ಎಳೆಯುತ್ತಾರೆ. ದ್ವೇಷವು ತನ್ನ ಸ್ವಂತ ಲೆಕ್ಕದ ಪ್ರಕಾರವೇ ದ್ವೇಷಿಸುವವನನ್ನು ಸುಡುವ ಬೆಂಕಿಯಾಗುತ್ತದೆ. ಬೈಗುಳ, ಹಾಸ್ಯ, ವಿಡಂಬನೆಗಳ ನಡುವಣ ವ್ಯತ್ಯಾಸಕ್ಕೆ ವಿದ್ಯಾರ್ಥಿಗಳು ಈ ಉದಾಹರಣೆಯನ್ನು ಬಳಸಿಕೊಳ್ಳಬಹುದು. ಬೈಗುಳವು ಎದುರಾಳಿಯನ್ನು ಹೊರಗಿನಿಂದ ಹೊಡೆಯುತ್ತದೆ, ಹಾಸ್ಯವು ಆತನೊಡನೆ ನಗುತ್ತದೆ, ವಿಡಂಬನೆಯು ಆತನ ಮಾತನ್ನೇ ಆತನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುತ್ತದೆ.

‘ಹಾರ್ಲೆಮ್‌ನಲ್ಲಿ ಹಬ್ಬ’ ಕೃತಿಯ ನಗೆ ಬೇರೆ ಬಗೆಯದು. ಹಾರ್ಲೆಮ್‌ನ ಒಂದು ಮನೆಯಲ್ಲಿ ಶನಿವಾರದ ಸಂತೋಷಕೂಟ ನಡೆದಿದೆ. ಅದನ್ನು ಕೆಡಿಸಲೆಂದು ಎರಡು ಪುಟ್ಟ ಪಿಶಾಚಿಗಳು ಮನುಷ್ಯರೂಪದಲ್ಲಿ ಬರುತ್ತವೆ. ಆದರೆ ಕೆಡಿಸಲು ಬಂದ ಪಿಶಾಚಿಗಳಲ್ಲಿ ಒಂದು ಆ ಮನೆಯ ಹುಡುಗಿಯನ್ನು ಪ್ರೀತಿಸಿಬಿಡುತ್ತದೆ. ಬಡತನವನ್ನೂ ಅವಮಾನವನ್ನೂ ಕಂಡು ಬಂದ ಜನರ ಸಂತೋಷವನ್ನು ಕೆಡಿಸುವುದು ಪಿಶಾಚಿಗಳಿಗೂ ಸುಲಭವಲ್ಲ. ಇಲ್ಲಿ ಕೊಂಕಿಲ್ಲ, ಇರುವುದು ಬಿಟ್ಟು ಬಂದ ತನ್ನವರ ಮೇಲಿನ ಮಮತೆ. ದೂರದ ಪ್ಯಾರಿಸಿನಲ್ಲಿ ಕುಳಿತು, ಹಾರ್ಲೆಮ್‌ನ ಜನ ಓದಲಾರದ ಭಾಷೆಯಲ್ಲಿ, ಲೇಖಕರು ಅವರ ಹಬ್ಬವನ್ನು ಬರೆದರು. ಪರದೇಶವಾಸದ ಲಾಭವೂ ನಷ್ಟವೂ ಈ ಒಂದು ಸಂಗತಿಯಲ್ಲಿವೆ.

ಕಾದಂಬರಿಯೇ ಪರವಾನಗಿ

ಆ ಕಾಲದ ಫ್ರಾನ್ಸಿನಲ್ಲಿ ಚಿತ್ರ ನಿರ್ದೇಶಿಸಲು ವೃತ್ತಿಯ ಕಾರ್ಡು ಬೇಕಾಗಿತ್ತು. ಹೊರಗಿನವರಿಗೆ ಅದು ಸಿಗುವುದು ದುರ್ಲಭ. ಆದರೆ ನಿಯಮದಲ್ಲಿ ಒಂದು ಕಿಂಡಿಯಿತ್ತು: ಫ್ರೆಂಚಿನಲ್ಲಿ ಬರೆಯುವ ಲೇಖಕನು ತನ್ನ ಕೃತಿಯನ್ನು ತಾನೇ ತೆರೆಗೆ ತರಬಯಸಿದರೆ ತಾತ್ಕಾಲಿಕ ಕಾರ್ಡು ಪಡೆಯಬಹುದು. ವ್ಯಾನ್ ಪೀಬಲ್ಸ್ ಈ ನಿಯಮವನ್ನು ತಿಳಿದುಕೊಂಡು ಫ್ರೆಂಚ್ ಲೇಖಕರಾದರು. ಹಾಗೆಂದು ಆ ಪುಸ್ತಕಗಳು ಬರಿಯ ಉಪಾಯವಾಗಿರಲಿಲ್ಲ. ಕಾರ್ಡಿಗಾಗಿ ಒಂದು ಪುಸ್ತಕ ಸಾಕಿತ್ತು, ಅವರು ಐದು ಬರೆದರು. ಕಾರ್ಡು ದೊರೆಯಿತು, ಫ್ರಾನ್ಸಿನ ಸರಕಾರಿ ಚಲನಚಿತ್ರ ಕೇಂದ್ರದ ಧನಸಹಾಯವೂ ದೊರೆಯಿತು. ಹೀಗೆ ಕಾದಂಬರಿಯು ಚಿತ್ರಕ್ಕೆ ವಸ್ತುವನ್ನು ಒದಗಿಸಿದ್ದಲ್ಲದೆ ಅದನ್ನು ಮಾಡುವ ಹಕ್ಕನ್ನೂ ಒದಗಿಸಿತು.

‘ಲಾ ಪೆರ್ಮಿಸಿಯೋಂ’ ಚಿತ್ರದ ನಾಯಕ ಟರ್ನರ್, ಫ್ರಾನ್ಸಿನಲ್ಲಿರುವ ಅಮೆರಿಕದ ಸೇನಾನೆಲೆಯ ಕಪ್ಪುವರ್ಣೀಯ ಸೈನಿಕ. ವಿಧೇಯನೆಂದು ಮೆಚ್ಚಿದ ಕ್ಯಾಪ್ಟನ್ ಬಡ್ತಿಯ ಆಸೆ ತೋರಿಸಿ ಮೂರು ದಿನಗಳ ರಜೆ ಕೊಡುತ್ತಾನೆ. ಟರ್ನರ್ ಪ್ಯಾರಿಸಿನಲ್ಲಿ ಮಿರಿಯಂ ಎಂಬ ಬಿಳಿಯ ಯುವತಿಯನ್ನು ಭೇಟಿಯಾಗುತ್ತಾನೆ. ಇಬ್ಬರೂ ನಾರ್ಮಂಡಿಯ ಕಡಲತೀರಕ್ಕೆ ಹೋಗುತ್ತಾರೆ. ಅಲ್ಲಿ ಅವನ ನೆಲೆಯ ಬಿಳಿಯ ಸೈನಿಕರು ಅವರನ್ನು ನೋಡಿಬಿಡುತ್ತಾರೆ. ರಜೆ ಮುಗಿಸಿ ಬಂದವನಿಗೆ ಬಡ್ತಿಯ ಬದಲು ಶಿಕ್ಷೆ ಕಾದಿರುತ್ತದೆ.

ಕಥೆ ಇಷ್ಟೇ ಆಗಿದ್ದರೆ ಅದೊಂದು ಕರುಣಾಜನಕ ಚಿತ್ರವಾಗುತ್ತಿತ್ತು. ಅದನ್ನು ಬೇರೆ ಎತ್ತರಕ್ಕೆ ಒಯ್ಯುವುದು ಅದರ ಹಾಸ್ಯ. ಟರ್ನರ್ ಕನ್ನಡಿಯ ಮುಂದೆ ನಿಂತಾಗ ಪ್ರತಿಬಿಂಬವು ಅವನೊಡನೆ ಮಾತನಾಡುತ್ತದೆ. ಬಿಳಿಯರ ಮುಂದೆ ತಲೆತಗ್ಗಿಸುವವನೆಂದು ಅವನನ್ನೇ ಹಂಗಿಸುತ್ತದೆ. ಪ್ರೇಮಿಗಳು ಹತ್ತಿರವಾಗುವ ಗಳಿಗೆಯಲ್ಲಿ ಇಬ್ಬರ ಮನಸ್ಸಿನಲ್ಲಿ ಓಡುವ ಚಿತ್ರಗಳು ತೆರೆಯ ಮೇಲೆ ಬರುತ್ತವೆ. ಟರ್ನರ್ ತನ್ನನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ಶ್ರೀಮಂತನಂತೆ ಕಾಣುತ್ತಾನೆ. ಮಿರಿಯಂ ತನ್ನನ್ನು ಆಫ್ರಿಕದ ಬುಡಕಟ್ಟಿನವರು ಹೊತ್ತೊಯ್ಯುತ್ತಿರುವಂತೆ ಕಾಣುತ್ತಾಳೆ. ಪ್ರೀತಿ ಸತ್ಯವೇ, ಆದರೆ ಆ ಏಕಾಂತದ ಕೋಣೆಗೂ ಇತಿಹಾಸವು ಕರೆಯದೆ ಬಂದು ಕೂತಿದೆ. ಪ್ರೇಕ್ಷಕ ನಗುತ್ತಾನೆ, ನಕ್ಕ ಮೇಲೆ ತನ್ನ ತಲೆಯಲ್ಲಿಯೂ ಅಂಥ ಚಿತ್ರಗಳಿರುವುದನ್ನು ಅರಿತು ಸುಮ್ಮನಾಗುತ್ತಾನೆ. ಭಾಷೆಯಲ್ಲಿ ಹೇಳಿದರೆ ಭಾಷಣವಾಗಬಹುದಾದುದನ್ನು ಚಿತ್ರದ ಸಂಕಲನವೇ ಹೇಳುತ್ತದೆ.

ಹಾಲಿವುಡ್ಡಿನೊಳಗೆ ಒಂದು ಮರೆವು

ಸ್ಯಾನ್ ಫ್ರಾನ್ಸಿಸ್ಕೊದ ಉತ್ಸವದ ನಂತರ ಹಾಲಿವುಡ್ ಅವರನ್ನು ಕರೆಯಿತು. ಕೊಲಂಬಿಯಾ ಸಂಸ್ಥೆಗಾಗಿ ಅವರು ನಿರ್ದೇಶಿಸಿದ ‘ವಾಟರ್‌ಮೆಲನ್ ಮ್ಯಾನ್’ 1970ರಲ್ಲಿ ತೆರೆಕಂಡಿತು. ವರ್ಣದ್ವೇಷಿಯಾದ ಬಿಳಿಯ ವಿಮಾ ಏಜೆಂಟನೊಬ್ಬ ಬೆಳಗ್ಗೆ ಎದ್ದು ನೋಡಿದರೆ ತನ್ನ ಮೈ ಕಪ್ಪಾಗಿದೆ ಎಂಬುದು ಕಥೆ. ಬಿಳಿಯ ನಟನಿಗೆ ಕಪ್ಪು ಬಣ್ಣ ಬಳಿಸಿ ಮಾಡಿಸುವುದು ಸಂಸ್ಥೆಯ ಯೋಚನೆಯಾಗಿತ್ತು. ಕಥೆಯ ಬಹುಪಾಲಿನಲ್ಲಿ ಆತ ಕಪ್ಪುವರ್ಣೀಯನಾಗಿಯೇ ಇರುವುದರಿಂದ, ಕಪ್ಪುವರ್ಣೀಯ ನಟನಿಗೆ ಮೊದಲ ಭಾಗದಲ್ಲಿ ಬಿಳಿ ಬಣ್ಣ ಬಳಿಯುವುದೇ ಸರಿಯೆಂದು ವ್ಯಾನ್ ಪೀಬಲ್ಸ್ ಹಟ ಹಿಡಿದರು. ಗಾಡ್‌ಫ್ರಿ ಕೇಂಬ್ರಿಜ್ ಆ ಪಾತ್ರ ವಹಿಸಿದರು.

ಕೊನೆಯ ದೃಶ್ಯದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಎಲ್ಲವೂ ಕನಸೆಂದು ತೋರಿಸಿ ನಾಯಕನನ್ನು ಮರಳಿ ಬಿಳಿಯನನ್ನಾಗಿಸಬೇಕೆಂದು ಸಂಸ್ಥೆ ಬಯಸಿತು. ಅಂದರೆ ಕಪ್ಪುಬಣ್ಣವು ಎಚ್ಚರವಾದೊಡನೆ ಕಳೆಯುವ ಕೆಟ್ಟ ಕನಸು! ಎರಡು ಬಗೆಯ ಅಂತ್ಯಗಳನ್ನೂ ಚಿತ್ರಿಸುವುದಾಗಿ ಒಪ್ಪಿಕೊಂಡ ನಿರ್ದೇಶಕರು ತಮಗೆ ಬೇಕಾದುದನ್ನು ಮಾತ್ರ ಚಿತ್ರಿಸಿ, ಮತ್ತೊಂದನ್ನು ‘ಮರೆತೆ’ ಎಂದರು. ನಾಯಕ ಕಪ್ಪುವರ್ಣೀಯನಾಗಿಯೇ ಉಳಿದು, ಅದನ್ನು ಒಪ್ಪಿ, ಎದ್ದು ನಿಲ್ಲುವುದರೊಂದಿಗೆ ಚಿತ್ರ ಮುಗಿಯುತ್ತದೆ. ಹಾಸ್ಯಚಿತ್ರದ ಅರ್ಥವು ಕೊನೆಯ ಎರಡು ನಿಮಿಷಗಳಲ್ಲಿ ನಿರ್ಧಾರವಾಗುತ್ತದೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಸ್ವತಂತ್ರ ಚಿತ್ರವೆಂದರೇನು?

ಸಂಸ್ಥೆಯೊಳಗಿದ್ದು ಪ್ರತಿ ಸಲವೂ ಹೀಗೆ ಮರೆಯುತ್ತಿರಲು ಸಾಧ್ಯವಿಲ್ಲ. ಮುಂದಿನ ಚಿತ್ರವನ್ನು ಅವರು ಹೊರಗೆ ನಿಂತು ಮಾಡಿದರು. ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್’ ಎಂಬ ಆ ಚಿತ್ರ 1971ರಲ್ಲಿ ಬಂದಿತು. ವೇಶ್ಯಾಗೃಹದಲ್ಲಿ ಬೆಳೆದ ಒಬ್ಬನು ಪೊಲೀಸರ ಏಟಿನಿಂದ ತರುಣ ಹೋರಾಟಗಾರನೊಬ್ಬನನ್ನು ಉಳಿಸಿ, ಆ ಬಳಿಕ ಪೊಲೀಸರಿಂದ ತಪ್ಪಿಸಿಕೊಂಡು ಮೆಕ್ಸಿಕೊ ಗಡಿಯವರೆಗೆ ಓಡುವುದು ಕಥೆ. ಅಂಥ ಕಥೆಗಳಲ್ಲಿ ಕಪ್ಪುವರ್ಣೀಯ ನಾಯಕ ಕೊನೆಗೆ ಸಾಯುವುದು ವಾಡಿಕೆ. ಇಲ್ಲಿ ಅವನು ಬದುಕಿ ಉಳಿಯುತ್ತಾನೆ.

ಕಥೆಗಿಂತ ಅದನ್ನು ಮಾಡಿದ ಬಗೆ ಹೆಚ್ಚು ಮುಖ್ಯ. ಬರಹ, ನಿರ್ದೇಶನ, ನಿರ್ಮಾಣ, ಸಂಕಲನ, ಸಂಗೀತ, ಮುಖ್ಯ ಪಾತ್ರ ಎಲ್ಲವೂ ವ್ಯಾನ್ ಪೀಬಲ್ಸ್ ಅವರದೇ. ಚಿತ್ರೀಕರಣ 19 ದಿನಗಳಲ್ಲಿ ಮುಗಿಯಿತು. ಕೈಯ ಹಣ ಸಾಲದಾದಾಗ ನಟ ಬಿಲ್ ಕಾಸ್ಬಿ 50,000 ಡಾಲರ್ ಸಾಲ ಕೊಟ್ಟರು. ಕಾರ್ಮಿಕ ಸಂಘಗಳ ಹೊರಗಿನವರನ್ನು, ಕಪ್ಪುವರ್ಣೀಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅವರು ತಾವು ಅಶ್ಲೀಲಚಿತ್ರ ತೆಗೆಯುತ್ತಿರುವಂತೆ ನಟಿಸಿದರು. ಜಾಹೀರಾತಿಗೆ ದುಡ್ಡಿರಲಿಲ್ಲ, ಆದ್ದರಿಂದ ಚಿತ್ರದ ಹಾಡುಗಳ ತಟ್ಟೆಯನ್ನು ಮೊದಲೇ ಮಾರುಕಟ್ಟೆಗೆ ತಂದರು. ಹಾಡಿದ್ದು ಆಗಿನ್ನೂ ಹೊಸದಾಗಿದ್ದ ‘ಅರ್ತ್, ವಿಂಡ್ ಅಂಡ್ ಫೈರ್’ ತಂಡ. ವಯಸ್ಕರಿಗೆ ಮಾತ್ರ ಎಂಬ ‘ಎಕ್ಸ್’ ಪ್ರಮಾಣಪತ್ರ ದೊರೆತಾಗ, ತೀರ್ಪು ನೀಡಿದವರೆಲ್ಲ ಬಿಳಿಯರೆಂಬುದನ್ನೇ ಪ್ರಚಾರದ ಸಾಲನ್ನಾಗಿ ಮಾಡಿಕೊಂಡರು. ಮೊದಲು ಚಿತ್ರ ತೋರಿಸಲು ಒಪ್ಪಿದ್ದು ಡೆಟ್ರಾಯ್ಟ್ ಮತ್ತು ಅಟ್ಲಾಂಟಾ ನಗರಗಳ ಒಂದೊಂದು ಚಿತ್ರಮಂದಿರ ಮಾತ್ರ. ಅಲ್ಲಿಂದ ಆರಂಭವಾದ ಚಿತ್ರ ಒಂದು ಕೋಟಿ ಡಾಲರಿಗೂ ಮೀರಿ ಗಳಿಸಿತು. ಹಣ, ಕೆಲಸಗಾರರು, ಹಂಚಿಕೆ, ಕೊನೆಯ ದೃಶ್ಯ ಈ ನಾಲ್ಕರ ಮೇಲೂ ಕರ್ತೃವಿನ ಹಿಡಿತವಿದ್ದಾಗ ಮಾತ್ರ ‘ಸ್ವತಂತ್ರ ಚಿತ್ರ’ ಎಂಬ ಮಾತಿಗೆ ಪೂರ್ಣ ಅರ್ಥ ಬರುತ್ತದೆ.

ಈ ಚಿತ್ರವನ್ನು ಹೊಗಳಿದವರಷ್ಟೇ ತೀವ್ರವಾಗಿ ತೆಗಳಿದವರೂ ಇದ್ದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹ್ಯೂಯಿ ನ್ಯೂಟನ್ ಅದನ್ನು ಕ್ರಾಂತಿಕಾರಿ ಕೃತಿಯೆಂದು ಎತ್ತಿ ಹಿಡಿದರು. ಇತಿಹಾಸಕಾರ ಲೆರೋನ್ ಬೆನೆಟ್ ‘ಎಬೊನಿ’ ಪತ್ರಿಕೆಯಲ್ಲಿ ಅದನ್ನು ಕಟುವಾಗಿ ವಿಮರ್ಶಿಸಿ, ಲೈಂಗಿಕತೆಯನ್ನು ವಿಮೋಚನೆಯೆಂದು ತಿಳಿಯುವುದು ಭ್ರಮೆಯೆಂದರು. ಹೆಂಗಸರನ್ನು ಚಿತ್ರಿಸಿದ ರೀತಿ ಮತ್ತು ಹುಡುಗ ಮಾರಿಯೊನನ್ನು ಲೈಂಗಿಕ ದೃಶ್ಯದಲ್ಲಿ ಬಳಸಿದ್ದು ಇಂದಿಗೂ ಸಮರ್ಥಿಸಲಾಗದ ಸಂಗತಿಗಳು. ಹಿಂದಿನ ಕೃತಿಗಳಲ್ಲಿದ್ದ ನಗೆಯ ತೂಕವು ಈ ಚಿತ್ರದ ಸಿಟ್ಟಿನಲ್ಲಿ ಕಳೆದುಹೋಯಿತೆಂದೂ ವಾದಿಸಬಹುದು. ಮುಂದೆ ದೊಡ್ಡ ಸಂಸ್ಥೆಗಳು ಇದರ ಹೊರಮೈಯನ್ನು ಅನುಕರಿಸಿ ಹಲವು ಚಿತ್ರಗಳನ್ನು ತೆಗೆದವು. ಒಳಗಿನ ರಾಜಕೀಯವನ್ನು ಕೈಬಿಟ್ಟವು. ಸ್ವಾತಂತ್ರ್ಯವು ಕೃತಿಯನ್ನು ತಪ್ಪುಗಳಿಂದ ಕಾಪಾಡುವುದಿಲ್ಲ. ತಪ್ಪಿನ ಹೊಣೆಯನ್ನು ಬೇರೆಯವರ ಮೇಲೆ ಹಾಕುವ ಅವಕಾಶವನ್ನು ಮಾತ್ರ ಅದು ತೆಗೆದುಬಿಡುತ್ತದೆ.

ಆ ನಂತರವೂ ಅವರು ಒಂದೆಡೆ ನಿಲ್ಲಲಿಲ್ಲ. ‘ಹಾರ್ಲೆಮ್‌ನಲ್ಲಿ ಹಬ್ಬ’ ಕೃತಿಯು ‘ಡೋಂಟ್ ಪ್ಲೇ ಅಸ್ ಚೀಪ್’ ಎಂಬ ಸಂಗೀತನಾಟಕವಾಗಿ 1972ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದಿತು. ಫ್ರೆಂಚಿನಲ್ಲಿ ಹುಟ್ಟಿದ ಹಾರ್ಲೆಮ್‌ನ ಕಥೆ ಕೊನೆಗೂ ಹಾರ್ಲೆಮ್ ಇರುವ ನಗರಕ್ಕೆ, ಅಲ್ಲಿಯವರ ನುಡಿಗೆ ಮರಳಿತು. 1980ರ ದಶಕದಲ್ಲಿ ಅವರು ಷೇರುಪೇಟೆಯ ವ್ಯಾಪಾರಿಯಾಗಿ ಆ ಬಗ್ಗೆಯೂ ಪುಸ್ತಕ ಬರೆದರು. 2000ದಲ್ಲಿ ಮತ್ತೆ ಫ್ರೆಂಚಿನಲ್ಲಿ ಒಂದು ಚಿತ್ರ ಮಾಡಿದರು. 2021ರ ಸೆಪ್ಟೆಂಬರ್ 21ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಕನ್ನಡದ ಕಡೆಯಿಂದ ನೋಡಿದಾಗ

ಈ ಕಥೆಯ ಪಕ್ಕದಲ್ಲಿ ಕನ್ನಡದ ಒಂದು ಕಥೆಯನ್ನು ಇಟ್ಟು ನೋಡಬಹುದು. ವ್ಯಾನ್ ಪೀಬಲ್ಸ್ ಪ್ಯಾರಿಸಿನಲ್ಲಿ ಫ್ರೆಂಚ್ ಕಾದಂಬರಿಗಳನ್ನು ಬರೆಯುತ್ತಿದ್ದ ವರ್ಷಗಳಲ್ಲಿಯೇ ಯು.ಆರ್. ಅನಂತಮೂರ್ತಿಯವರು ಸಂಶೋಧನೆಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು. ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ ಪ್ರೇರಣೆಯಿಂದ ಅಲ್ಲಿಯೇ ‘ಸಂಸ್ಕಾರ’ವನ್ನು ಬರೆದರು. ದಿನವಿಡೀ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಿದ್ದವರು ಅಗ್ರಹಾರದ ಕಥೆಯನ್ನು ಕನ್ನಡದಲ್ಲಿ ಬರೆದರು. ಪೀಬಲ್ಸ್ ಹೊರನಾಡಿನಲ್ಲಿ ಪರನುಡಿಯನ್ನು ಆರಿಸಿಕೊಂಡರೆ ಅನಂತಮೂರ್ತಿಯವರು ತಮ್ಮ ನುಡಿಯನ್ನೇ ಹಿಡಿದರು. ದಾರಿಗಳು ಎದುರುಬದುರು, ಆದರೆ ದೂರ ನಿಂತು ತನ್ನ ಜನರನ್ನು ನಿಷ್ಠುರವಾಗಿ ನೋಡುವ ದೃಷ್ಟಿ ಇಬ್ಬರದೂ ಒಂದೇ.

ಆ ಕಾದಂಬರಿ 1970ರಲ್ಲಿ ಚಿತ್ರವಾದುದನ್ನೂ ನೆನೆಯಬೇಕು. ನಿರ್ಮಿಸಿ ನಿರ್ದೇಶಿಸಿದವರು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ಕೊಂಕಣಿ ಮನೆಮಾತಿನ, ಬಾಲ್ಯದಲ್ಲಿ ಮರಾಠಿ ಕಲಿತ ಗಿರೀಶ ಕಾರ್ನಾಡರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರ ಬಳಿಕ ಬಿಡುಗಡೆಯಾಗಿ, ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕನ್ನಡದ ಹೊಸ ಅಲೆಯ ಚಿತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಎಷ್ಟೋ ಜನರ ಮನೆಮಾತು ಕನ್ನಡವಾಗಿರಲಿಲ್ಲ. ಕಾವ್ಯದಲ್ಲಿ ಬೇಂದ್ರೆಯವರ ಮಾತೂ ಹೀಗೆಯೇ. ಮನೆಯ ನುಡಿ ಮರಾಠಿ, ಕವಿತೆಯ ನುಡಿ ಧಾರವಾಡದ ಕನ್ನಡ.

ಗಡಿಭಾಗದ ವಿದ್ಯಾರ್ಥಿಗಳಲ್ಲಿ ಒಂದು ಅಳುಕು ಇರುತ್ತದೆ. ತಮ್ಮ ಕನ್ನಡದಲ್ಲಿ ನೆರೆನುಡಿಯ ಬೆರಕೆಯಿದೆ, ಅದು ಶುದ್ಧವಲ್ಲ, ಆದ್ದರಿಂದ ಬರೆಯಲು ಯೋಗ್ಯವಲ್ಲ ಎಂಬ ಅಳುಕು ಅದು. ಉತ್ತರಪತ್ರಿಕೆಯಲ್ಲಿ ಸರಿಯಾದ ವಾಕ್ಯ ಬರೆಯುವವರೂ ಸ್ವಂತದ ಒಂದು ಕಥೆ ಬರೆಯಲು ಹಿಂಜರಿಯುತ್ತಾರೆ. ಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ಸಂಶಯವಿಲ್ಲ. ಪೀಬಲ್ಸ್ ಕೂಡ ಫ್ರೆಂಚನ್ನು ಕಾನೂನಿನ ಕಿಂಡಿ ಹಿಡಿಯುವಷ್ಟು, ಐದು ಪುಸ್ತಕ ಬರೆಯುವಷ್ಟು ಶ್ರದ್ಧೆಯಿಂದ ಕಲಿತರು. ಆದರೆ ಕಲಿತು ಮುಗಿಯಲಿ, ಆಮೇಲೆ ಬರೆಯೋಣ ಎಂದು ಅವರು ಕಾಯಲಿಲ್ಲ. ಬರೆಯುತ್ತಲೇ ಕಲಿತರು. ಹೊರಗಿನವನ ಕಿವಿಗೆ ಕೇಳಿಸಿದ ವಿಚಿತ್ರವನ್ನು ತಿದ್ದಿ ಅಳಿಸದೆ ನಗೆಯಾಗಿಸಿದರು.

ಈ ವಿಷಯವನ್ನು ಮುಂದುವರಿಸಬಯಸುವವರು ‘ಲಾ ಪೆರ್ಮಿಸಿಯೋಂ’ ಚಿತ್ರವನ್ನು ನೋಡಬಹುದು. ಇತ್ತೀಚೆಗೆ ಅದರ ಪ್ರತಿಯನ್ನು ಸಂಸ್ಕರಿಸಿ ಮರುಬಿಡುಗಡೆ ಮಾಡಿದ್ದಾರೆ. ನೋಡುವಾಗ ಕನ್ನಡಿಯ ದೃಶ್ಯವನ್ನು ವಿಶೇಷವಾಗಿ ಗಮನಿಸಬೇಕು. ಬಳಿಕ ತಮ್ಮ ಮನೆಯ ನುಡಿ ಮತ್ತು ಶಾಲೆಯ ನುಡಿಗಳ ನಡುವೆ ಎಂದಾದರೂ ಆದ ಒಂದು ತಪ್ಪುಗ್ರಹಿಕೆಯನ್ನು, ಯಾರೋ ನಕ್ಕ ಒಂದು ಪ್ರಸಂಗವನ್ನು, ಒಂದು ಪುಟದಲ್ಲಿ ಬರೆದು ನೋಡಬೇಕು. ಅಂದು ನಗೆಗೀಡಾದವರೇ ಇಂದು ಆ ನಗೆಯನ್ನು ಹೇಳುವವರಾದಾಗ ಪ್ರಸಂಗದ ಅರ್ಥ ಎಷ್ಟು ಬದಲಾಗುತ್ತದೆಂಬುದು ಆ ಒಂದು ಪುಟದಲ್ಲಿಯೇ ತಿಳಿಯುತ್ತದೆ.